ಕ್ಯಾಪ್ಸೂಲ್ ಎಸ್ಪ್ರೆಸ್ಸೊ ನೀರುನೀರಾಗಿದೆಯೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಪೊಟ್ಟಣದ ಮೇಲೆ ತೀವ್ರತೆ 12 ಎಂದು ಬರೆದಿದೆ. ಬಟ್ಟಲಿಗೆ ಬಿದ್ದದ್ದು ಮಾತ್ರ ಮೂರನೇ ಸಲ ಇಳಿಸಿದ ಡಿಕಾಕ್ಷನ್ನಿನಂತೆ ತೆಳ್ಳಗಿದೆ. ಆಗ ಹೆಚ್ಚಿನವರು ಮಾಡುವುದು ಒಂದೇ: ಮುಂದಿನ ಸಲ 13 ಎಂದು ಬರೆದ, ಇನ್ನೂ ದುಬಾರಿ ಪೊಟ್ಟಣ ತರಿಸುತ್ತಾರೆ. ಅದೂ ತೆಳ್ಳಗೇ ಬರುತ್ತದೆ. ಕಾಫಿ ತೆಳುವಾಗಲು ಮುಖ್ಯ ಕಾರಣ ಪುಡಿಯ ತೂಕಕ್ಕೂ ಅದರ ಮೂಲಕ ಹರಿದ ನೀರಿಗೂ ಇರುವ ಪ್ರಮಾಣ ತಪ್ಪಿರುವುದು. ಪೊಟ್ಟಣದ ಮೇಲಿನ ಅಂಕಿ ಆ ಪ್ರಮಾಣದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ದುಡ್ಡು ಖರ್ಚು ಮಾಡುವ ಮೊದಲು ಅಳತೆ ಮಾಡಿ ನೋಡಬೇಕು.

ಇಲ್ಲಿ ಹೇಳಿರುವುದು ಮುಖ್ಯವಾಗಿ ನೆಸ್ಪ್ರೆಸ್ಸೊ ಒರಿಜಿನಲ್ ಮಾದರಿಯ ಮನೆ ಯಂತ್ರಗಳಿಗೆ, ಮತ್ತು ಆ ಅಳತೆಗೆ ಹೊಂದುವಂತೆ ಇಟಲಿಯ ಬೇರೆ ಬೇರೆ ಕಂಪನಿಗಳು ತಯಾರಿಸುವ ಕ್ಯಾಪ್ಸೂಲುಗಳಿಗೆ ಅನ್ವಯಿಸುತ್ತದೆ. ಕಾಗದದ ಪಾಡ್ ಬಳಸುವವರಿಗೆ ಬೇಕಾದ ನಾಲ್ಕು ಮಾತು ಮುಂದೆ ಇದೆ.

ಮೊದಲು ಒಂದು ಬಟ್ಟಲು ಅಳೆಯಿರಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಮತ್ತು ಫೋನಿನ ಸ್ಟಾಪ್‌ವಾಚ್ ಸಾಕು.

1. ಬಳಸಿದ ಕ್ಯಾಪ್ಸೂಲ್ ಬೀಳುವ ಡಬ್ಬ ಮತ್ತು ತೊಟ್ಟಿಕ್ಕುವ ತಟ್ಟೆ ಎರಡನ್ನೂ ಖಾಲಿ ಮಾಡಿ ಒರೆಸಿ.
2. ಯಂತ್ರ ಬಿಸಿಯಾದ ಮೇಲೆ ಕ್ಯಾಪ್ಸೂಲ್ ಹಾಕದೆ ಒಂದು ಸಲ ಬರೀ ನೀರು ಹರಿಸಿ. ಆ ನೀರು ಬಟ್ಟಲನ್ನೂ ಬಿಸಿ ಮಾಡುತ್ತದೆ. ಚೆಲ್ಲಿ, ಒರೆಸಿ, ಖಾಲಿ ಬಟ್ಟಲಿನ ತೂಕ ಬರೆದುಕೊಳ್ಳಿ. ಮೂತಿಯ ಕೆಳಗೆ ತಕ್ಕಡಿ ಹಿಡಿಸುವಷ್ಟು ಜಾಗ ಹೆಚ್ಚಿನ ಯಂತ್ರಗಳಲ್ಲಿ ಇರುವುದಿಲ್ಲ, ಹಾಗಾಗಿ ಮೊದಲೊಮ್ಮೆ ಆಮೇಲೊಮ್ಮೆ ತೂಗುವುದೇ ಸುಲಭ.
3. ಕ್ಯಾಪ್ಸೂಲ್ ಹಾಕಿ ಎಸ್ಪ್ರೆಸ್ಸೊ ಗುಂಡಿ ಒತ್ತಿ. ಪಂಪಿನ ಸದ್ದು ಶುರುವಾದಾಗ ಗಡಿಯಾರ ಶುರು, ಸದ್ದು ನಿಂತಾಗ ಗಡಿಯಾರ ನಿಲ್ಲಿಸಿ.
4. ಬಟ್ಟಲು ತೂಗಿ. ಡಬ್ಬದಲ್ಲೂ ತಟ್ಟೆಯಲ್ಲೂ ಎಷ್ಟು ನೀರು ಸೇರಿದೆ ಎಂಬುದನ್ನೂ ನೋಡಿ.

ಕಾರ್ಖಾನೆಯಿಂದ ಬಂದಾಗ ಎಸ್ಪ್ರೆಸ್ಸೊ ಗುಂಡಿ 40 ಮಿ.ಲೀ., ಲುಂಗೊ (ಹೆಚ್ಚು ನೀರು ಹರಿಸಿದ ಕಾಫಿ) ಗುಂಡಿ 110 ಮಿ.ಲೀ. ಕೊಡುವಂತೆ ಹೊಂದಿಸಿರುತ್ತಾರೆ. ಸುಮಾರು 40 ಗ್ರಾಂ ಕಾಫಿ 20ರಿಂದ 30 ಸೆಕೆಂಡಿನಲ್ಲಿ ಬಿದ್ದು, ಡಬ್ಬದಲ್ಲಿ ನಾಲ್ಕೈದು ಮಿ.ಲೀ.ಗಿಂತ ಹೆಚ್ಚು ನೀರು ಇಲ್ಲದಿದ್ದರೆ ಯಂತ್ರ ಸರಿಯಾಗಿದೆ. ಆಗ ಹುಡುಕಬೇಕಾದದ್ದು ಪ್ರಮಾಣದಲ್ಲಿ ಮತ್ತು ಮಿಶ್ರಣದಲ್ಲಿ.

ಅಷ್ಟೇ ಕಾಫಿ 10–12 ಸೆಕೆಂಡಿನಲ್ಲಿ ಸುರಿದುಬಿಟ್ಟರೆ ನೀರಿಗೆ ಪುಡಿಯಿಂದ ಅಡ್ಡಿಯೇ ಸಿಗುತ್ತಿಲ್ಲ ಎಂದರ್ಥ. ಪುಡಿ ಕಡಿಮೆ ಇರಬಹುದು, ತರಿಯಾಗಿರಬಹುದು, ಅಥವಾ ನೀರು ಪುಡಿಯನ್ನು ಮುಟ್ಟದೆ ಅಂಚಿನಿಂದ ನುಸುಳುತ್ತಿರಬಹುದು. ಒಂದು ನಿಮಿಷ ತೊಟ್ಟು ತೊಟ್ಟಾಗಿ ಬಂದರೆ ಎಲ್ಲೋ ಕಟ್ಟಿಕೊಂಡಿದೆ. ಬಟ್ಟಲಲ್ಲಿ 60–70 ಗ್ರಾಂ ಬಂದಿದ್ದರೆ ಗುಂಡಿಯ ಅಳತೆಯನ್ನು ಯಾರೋ ಗೊತ್ತಿಲ್ಲದೆ ಬದಲಿಸಿದ್ದಾರೆ. ಮನೆಮಂದಿಯೆಲ್ಲ ಬಳಸುವ ಯಂತ್ರದಲ್ಲಿ ಇದು ಸುಲಭವಾಗಿ ಆಗುತ್ತದೆ: ಕಾಫಿ ಬೀಳುತ್ತಿರುವಾಗ ಗುಂಡಿಯನ್ನು ಒತ್ತಿ ಹಿಡಿದುಕೊಂಡರೆ, ಬಿಟ್ಟ ಗಳಿಗೆಯವರೆಗಿನ ಅಳತೆಯನ್ನೇ ಯಂತ್ರ ನೆನಪಿಟ್ಟುಕೊಳ್ಳುತ್ತದೆ.

ಅಸಲು ದೋಷ: 5 ಗ್ರಾಂ ಪುಡಿಗೆ 40 ಮಿ.ಲೀ. ನೀರು

ಇಟಲಿಯ ಎಸ್ಪ್ರೆಸ್ಸೊ ಸಂಸ್ಥೆ ಬಾರ್‌ಗಳಿಗೆ (ಅಲ್ಲಿ ಕಾಫಿ ಅಂಗಡಿಗೆ ಹಾಗೆನ್ನುತ್ತಾರೆ) ಗೊತ್ತುಮಾಡಿರುವ ಅಳತೆ ಹೀಗಿದೆ: ಪುಡಿ 7 ಗ್ರಾಂ, ಒತ್ತಡ 9 ಬಾರ್, ಯಂತ್ರದಿಂದ ಹೊರಬರುವ ನೀರು 88 ಡಿಗ್ರಿ, ಇಳಿಯುವ ಸಮಯ 25 ಸೆಕೆಂಡ್, ನೊರೆಯೂ ಸೇರಿ ಬಟ್ಟಲಲ್ಲಿ 25 ಮಿ.ಲೀ. ಅಂದರೆ 1 ಗ್ರಾಂ ಪುಡಿಗೆ ಸುಮಾರು ಮೂರೂವರೆ ಮಿ.ಲೀ. ಕಾಫಿ.

ಒರಿಜಿನಲ್ ಮಾದರಿಯ ಕ್ಯಾಪ್ಸೂಲಿನೊಳಗೆ ಹಿಡಿಸುವುದು 5ರಿಂದ 6 ಗ್ರಾಂ ಮಾತ್ರ. 5 ಗ್ರಾಂ ಪುಡಿಯಿಂದ 40 ಮಿ.ಲೀ. ಎಳೆದರೆ ಪ್ರಮಾಣ 1ಕ್ಕೆ 8. ಅದೇ ಕ್ಯಾಪ್ಸೂಲನ್ನು ಲುಂಗೊ ಗುಂಡಿಯಲ್ಲಿ 110 ಮಿ.ಲೀ.ಗೆ ಹರಿಸಿದರೆ 1ಕ್ಕೆ 22. ನೇಪಲ್ಸಿನ ಬಾರಿನ ರುಚಿಯನ್ನು ನೆನೆದು ಈ ಬಟ್ಟಲು ಕುಡಿದರೆ ನಿರಾಸೆ ಆಗದೆ ಇರದು. ಪಂಪಿನ ಮೇಲೆ 19 ಬಾರ್ ಎಂದು ಬರೆದಿರುವುದರಿಂದ ಈ ಲೆಕ್ಕ ಬದಲಾಗುವುದಿಲ್ಲ. ಅದು ಪಂಪಿನ ಗರಿಷ್ಠ ಶಕ್ತಿ, ಪುಡಿಯ ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಪರಿಹಾರಕ್ಕೆ ಒಂದು ಪೈಸೆಯೂ ಬೇಡ. 40ರ ಬದಲು 25 ಮಿ.ಲೀ.ಗೆ ನಿಲ್ಲಿಸಿ. ಮೊದಲು ಕೈಯಿಂದಲೇ ಮಾಡಿ ನೋಡಿ: ಬಟ್ಟಲಲ್ಲಿ ಬೇಕಾದ ಮಟ್ಟ ಬಂದ ಕೂಡಲೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದರೆ ಪಂಪು ನಿಲ್ಲುತ್ತದೆ. ರುಚಿ ಹಿಡಿಸಿದರೆ ಗುಂಡಿಯನ್ನು ಒತ್ತಿ ಹಿಡಿದು 25ಕ್ಕೆ ಬಿಟ್ಟು ಅದೇ ಅಳತೆಯನ್ನು ಕಾಯಂ ಮಾಡಿ. ಕೊನೆಯ 15 ಮಿ.ಲೀ.ಯಲ್ಲಿ ಇಳಿಯುವುದು ಹೆಚ್ಚಾಗಿ ಒಗರು, ಕಹಿ ಮತ್ತು ನೀರು. ಅದನ್ನು ಬಿಟ್ಟರೆ ಬಟ್ಟಲು ಚಿಕ್ಕದಾಗುತ್ತದೆ, ಆದರೆ ನಾಲಿಗೆಯ ಮೇಲೆ ಭಾರ ಬರುತ್ತದೆ. ಹಳೆಯ ಪೊಟ್ಟಣವನ್ನೇ ಇಟ್ಟುಕೊಂಡು ಈ ಒಂದು ಬದಲಾವಣೆ ಮಾಡಿ ನೋಡದೆ ಹೊಸ ಪೊಟ್ಟಣಕ್ಕೆ ಕೈಹಾಕಬೇಡಿ.

ಹೀಗೆ ಮಾಡಿದಾಗ ಹುಳಿ ಎದ್ದು ಕಂಡರೆ ಕ್ಯಾಪ್ಸೂಲಿನಲ್ಲಿರುವುದು ನಸು ಹುರಿದ ಅರೇಬಿಕಾ. ಆ ಕಾಫಿಯಲ್ಲಿ ದೋಷವಿಲ್ಲ, ನೀವು ಬಯಸುವ ರುಚಿಗೆ ಅದು ಹೊಂದುವುದಿಲ್ಲ ಅಷ್ಟೆ. ಆಗ ಮಿಶ್ರಣ ಬದಲಿಸಬೇಕು.

‘ಸ್ಟ್ರಾಂಗ್’ ಎಂದರೆ ನಿಮಗೆ ಬೇಕಾದದ್ದು ಯಾವುದು?

ನಾವು ಸ್ಟ್ರಾಂಗ್ ಎನ್ನುವ ಒಂದೇ ಮಾತಿನಲ್ಲಿ ಮೂರು ಸಂಗತಿ ಹೇಳುತ್ತೇವೆ. ಒಂದು ಗಟ್ಟಿತನ, ಅಂದರೆ ನೀರಲ್ಲಿ ಎಷ್ಟು ಕಾಫಿ ಕರಗಿದೆ ಎಂಬುದು. ಎರಡನೆಯದು ಹುರಿತದಿಂದ ಬರುವ ಕಹಿ. ಮೂರನೆಯದು ಕೆಫೀನ್. ಪೊಟ್ಟಣದ ಮೇಲಿನ ತೀವ್ರತೆಯ ಅಂಕಿ ಹೆಚ್ಚಾಗಿ ಎರಡನೆಯದನ್ನು, ಅಂದರೆ ಹುರಿತ, ಕಹಿ, ಮೈಕಟ್ಟುಗಳನ್ನು ಸೂಚಿಸುತ್ತದೆ. ಎಲ್ಲ ಕಂಪನಿಗಳಿಗೂ ಒಪ್ಪಿತವಾದ ಒಂದೇ ಅಳತೆಗೋಲು ಇಲ್ಲ. ಒಬ್ಬರ 10 ಇನ್ನೊಬ್ಬರ 7 ಆಗಬಹುದು. ಬೇರೆ ಬೇರೆ ಕಂಪನಿಯ ಅಂಕಿಗಳನ್ನು ಹೋಲಿಸಿ ಕೊಳ್ಳುವುದು ಬೇಡ.

ಅಂಕಿಗಿಂತ ನಂಬಬಹುದಾದದ್ದು ಎರಡು ವಿವರ: ನಿವ್ವಳ ತೂಕ ಮತ್ತು ಕಾಳಿನ ಜಾತಿ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಅರೇಬಿಕಾದಲ್ಲಿ ಶೇ. 1.2ರ ಆಸುಪಾಸು, ರೊಬಸ್ಟಾದಲ್ಲಿ ಶೇ. 2.2ರ ಆಸುಪಾಸು. ಹೆಚ್ಚು ಹೊತ್ತು ನಿಲ್ಲುವ ದಟ್ಟ ನೊರೆ, ಗಟ್ಟಿ ಮೈ, ಮಣ್ಣಿನ ಹಾಗೂ ಕೋಕೋವಿನ ಕಹಿ ಬೇಕಿದ್ದರೆ ಮಿಶ್ರಣದಲ್ಲಿ ರೊಬಸ್ಟಾ ಇರಲೇಬೇಕು. ‘100% ಅರೇಬಿಕಾ’ ಎಂದು ಹೆಮ್ಮೆಯಿಂದ ಬರೆದ ಪೊಟ್ಟಣ ಪರಿಮಳಕ್ಕೆ ಚೆನ್ನು. ಟ್ರಿಯೆಸ್ಟೆ ನಗರದ ‘ಇಲ್ಲಿ’ (illy) ಎಂಬ ಕಂಪನಿಯದು ಇಂಥ ಶುದ್ಧ ಅರೇಬಿಕಾ. ಗುಟುಕಿಗೆ ಹೊಡೆತ ಬೇಕೆನ್ನುವವರು ಇಟಲಿಯ ದಕ್ಷಿಣದ ಕಡೆ, ನೇಪಲ್ಸಿನ ಕಿಂಬೊ, ಬೊರ್ಬೊನೆಯಂಥ ಕಂಪನಿಗಳ ಕಡು ಹುರಿದ ಮಿಶ್ರಣಗಳ ಕಡೆ ನೋಡುವುದು ವಾಸಿ. ಉತ್ತರದಲ್ಲಿ ಹುರಿತ ನಸು, ಅರೇಬಿಕಾ ಹೆಚ್ಚು. ದಕ್ಷಿಣಕ್ಕೆ ಇಳಿದಂತೆ ಹುರಿತ ಕಡು, ರೊಬಸ್ಟಾ ಹೆಚ್ಚು. ಇದಕ್ಕೆ ಅಪವಾದಗಳಿವೆ, ಆದರೂ ಮೊದಲ ಆಯ್ಕೆಗೆ ಇದು ಒಳ್ಳೆಯ ದಾರಿ.

ರೊಬಸ್ಟಾವನ್ನು ಕೀಳು ಎಂದು ಕಾಣುವ ರೂಢಿ ಇದೆ. ಆದರೆ ಭಾರತದ ಕಾಫಿ ರಫ್ತಿನಲ್ಲಿ ದೊಡ್ಡ ಗಿರಾಕಿ ಇಟಲಿಯೇ. ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ರೊಬಸ್ಟಾ ಪಾರ್ಚ್‌ಮೆಂಟನ್ನು ಅಲ್ಲಿನ ಹುರಿಯುವವರು ಎಸ್ಪ್ರೆಸ್ಸೊ ಮಿಶ್ರಣಕ್ಕೆ ಮೈಕಟ್ಟು ಮತ್ತು ನೊರೆ ಬರಲೆಂದೇ ಕೊಳ್ಳುತ್ತಾರೆ. ಒಳ್ಳೆಯ ರೊಬಸ್ಟಾಕ್ಕೂ ಹಣ್ಣಿನ ಸಮೇತ ಒಣಗಿಸಿದ ಕಳಪೆ ಚೆರ್ರಿಗೂ ಇರುವ ಅಂತರ ದೊಡ್ಡದು. ಬಟ್ಟಲಲ್ಲಿ ಸುಟ್ಟ ರಬ್ಬರಿನ ವಾಸನೆ ಬಂದರೆ ಕಾಳೇ ಕಳಪೆ, ಅದನ್ನು ಯಂತ್ರದಲ್ಲಿ ಸರಿಮಾಡಲಾಗದು.

ಇನ್ನೊಂದು ಎಡವಟ್ಟು ಲುಂಗೊ ಎಂದು ಬರೆದ ಪೊಟ್ಟಣಗಳದು. ಹೆಚ್ಚು ನೀರು ಹರಿಯಲೆಂದು ಅವುಗಳ ಪುಡಿಯನ್ನು ತುಸು ತರಿಯಾಗಿ ಬೀಸಿರುತ್ತಾರೆ. ಅವನ್ನು ಚಿಕ್ಕ ಗುಂಡಿಯಲ್ಲಿ ಎಳೆದರೆ ಬೇಗ ಸುರಿದು ಸಪ್ಪೆಯಾಗುತ್ತದೆ. ‘ರಿಸ್ಟ್ರೆಟ್ಟೊ’, ‘ಫೋರ್ಟೆ’, ‘ಇಂಟೆನ್ಸೊ’ ಎಂಬ ಮಾತುಗಳಿರುವ ಪೊಟ್ಟಣ ಆರಿಸಿ. ‘ಡೆಕ್’ ಎಂದಿದ್ದರೆ ಕೆಫೀನ್ ತೆಗೆದದ್ದು.

ಅಗ್ಗ ಎಂಬುದನ್ನು ಗ್ರಾಂ ಲೆಕ್ಕದಲ್ಲಿ ನೋಡಿ

ಒಂದು ಕ್ಯಾಪ್ಸೂಲಿಗೆ ಎಷ್ಟು ರೂಪಾಯಿ ಎಂಬ ಲೆಕ್ಕ ದಾರಿ ತಪ್ಪಿಸುತ್ತದೆ. ಪೊಟ್ಟಣದ ನಿವ್ವಳ ತೂಕವನ್ನು ಕ್ಯಾಪ್ಸೂಲುಗಳ ಸಂಖ್ಯೆಯಿಂದ ಭಾಗಿಸಿ. 10 ಕ್ಯಾಪ್ಸೂಲಿಗೆ 50 ಗ್ರಾಂ ಇದ್ದರೆ ತಲಾ 5, 57 ಗ್ರಾಂ ಇದ್ದರೆ ತಲಾ 5.7. ಉದಾಹರಣೆಗೆ 50 ಗ್ರಾಮಿನ ಪೊಟ್ಟಣ 400 ರೂಪಾಯಿ, 57 ಗ್ರಾಮಿನದು 430 ರೂಪಾಯಿ ಎಂದುಕೊಳ್ಳಿ. ಮೊದಲನೆಯದು ಗ್ರಾಮಿಗೆ 8 ರೂಪಾಯಿ, ಎರಡನೆಯದು ಸುಮಾರು ಏಳೂವರೆ. ದುಬಾರಿ ಕಂಡದ್ದೇ ಅಗ್ಗವಾಯಿತು, ಬಟ್ಟಲೂ ಗಟ್ಟಿಯಾಯಿತು. ತಲಾ 5 ಗ್ರಾಮಿಗಿಂತ ಕೆಳಗಿರುವುದನ್ನು ಗಟ್ಟಿ ಕಾಫಿಗೆಂದು ಕೊಳ್ಳಲೇಬೇಡಿ, ಎಷ್ಟೇ ಅಗ್ಗವಿರಲಿ. ಸಂಶಯವಿದ್ದರೆ ಒಂದನ್ನು ಬಿಚ್ಚಿ ಪುಡಿಯನ್ನು ತೂಗಿ.

ಇಟಲಿಯ ಕಂಪನಿಗಳು 50 ಅಥವಾ 100ರ ಪೆಟ್ಟಿಗೆಗಳಲ್ಲಿ ಕೊಡುವುದು ಅಗ್ಗ ನಿಜ. ಆದರೆ 10ರ ಪೊಟ್ಟಣ ಒಂದನ್ನು ನಿಮ್ಮ ಯಂತ್ರದಲ್ಲಿ ಪರೀಕ್ಷಿಸದೆ 100 ತರಿಸುವುದು ತಪ್ಪು. ಮೊದಲನೆಯ ತಪ್ಪು ಕ್ಯಾಪ್ಸೂಲಿನ ಅಳತೆಯದೇ ಆಗಿರುತ್ತದೆ. ಒಂದೇ ಬಣ್ಣದ, ಒಂದೇ ಮಿಶ್ರಣದ ಪೆಟ್ಟಿಗೆ ನಾಲ್ಕೈದು ಬಗೆಯ ಯಂತ್ರಗಳಿಗೆ ಬೇರೆ ಬೇರೆಯಾಗಿ ಬರುತ್ತದೆ. ಬೊರ್ಬೊನೆಯಲ್ಲಿ ‘ರೆಸ್ಪ್ರೆಸ್ಸೊ’ ಎಂದಿರುವುದು ನೆಸ್ಪ್ರೆಸ್ಸೊ ಒರಿಜಿನಲ್ ಯಂತ್ರಕ್ಕೆ, ‘ಡಾನ್ ಕಾರ್ಲೊ’ ಎಂದಿರುವುದು ಲವಾಝದ ಆ ಮೋದೊ ಮಿಯೊ ಯಂತ್ರಕ್ಕೆ. ನೆಸ್ಪ್ರೆಸ್ಸೊದ್ದೇ ವರ್ಚುವೊ ಯಂತ್ರಕ್ಕೆ ಒರಿಜಿನಲ್ ಕ್ಯಾಪ್ಸೂಲ್ ಹೊಂದುವುದಿಲ್ಲ, ಅದು ಕ್ಯಾಪ್ಸೂಲನ್ನು ತಿರುಗಿಸಿ ಕಾಫಿ ಇಳಿಸುವ ಬೇರೆಯೇ ಬಗೆ. ಕಚೇರಿ ಯಂತ್ರಗಳಿಗೆಂದು ಬರುವ ಚಪ್ಪಟೆ ನೆಸ್ಪ್ರೆಸ್ಸೊ ಪ್ಯಾಡುಗಳೂ ಮನೆ ಯಂತ್ರಕ್ಕೆ ಆಗವು. ಇಟಲಿಯಲ್ಲಿ ‘ಕ್ಯಾಪ್ಸುಲೆ’ ಎಂದರೆ ಕ್ಯಾಪ್ಸೂಲ್, ‘ಚಾಲ್ದೆ’ ಎಂದರೆ ಕಾಗದದ ಪಾಡ್. ಅಲ್ಲಿಂದ ಬರುವ ನೆಂಟರ ಕೈಲಿ ತರಿಸುವವರು ಈ ಎರಡು ಮಾತನ್ನು ನೆನಪಿಟ್ಟುಕೊಳ್ಳಿ.

ಅಗ್ಗದ ಕ್ಯಾಪ್ಸೂಲಿನಲ್ಲಿ ನೀರು ಎಲ್ಲಿಂದ ನುಸುಳುತ್ತದೆ

ಡಬ್ಬದಲ್ಲಿ 15–20 ಮಿ.ಲೀ. ನೀರು ನಿಂತಿದ್ದರೆ, ಬಟ್ಟಲಿಗೆ ಬರಬೇಕಾದ ಒತ್ತಡದ ನೀರು ಅಡ್ಡದಾರಿ ಹಿಡಿದಿದೆ. ಬಳಸಿದ ಕ್ಯಾಪ್ಸೂಲನ್ನು ಕೈಯಲ್ಲಿ ಹಿಡಿದು ನೋಡಿದರೆ ಕಾರಣ ಅಲ್ಲೇ ಕಾಣುತ್ತದೆ. ಕಿರಿದಾದ ಕಡೆ ಮೂರು ತೂತು ಸ್ಪಷ್ಟವಾಗಿ ಬಿದ್ದಿರಬೇಕು. ಅಗಲವಾದ ಹಾಳೆಯ ಕಡೆ ಚಿಕ್ಕ ಚಿಕ್ಕ ತೂತುಗಳು ಸಾಲಾಗಿ, ಎಲ್ಲ ಕಡೆ ಸಮವಾಗಿ ಬಿದ್ದಿರಬೇಕು. ಒತ್ತಡ ಏರಿದಾಗ ಹಾಳೆಯು ಯಂತ್ರದೊಳಗಿನ ಮೊನಚು ತಟ್ಟೆಗೆ ಒತ್ತಿ ಹರಿಯುವುದರಿಂದ ಈ ಗುರುತು ಬೀಳುತ್ತದೆ.

ಹಾಳೆಯ ಒಂದೇ ಬದಿ ಹರಿದಿದ್ದರೆ ಅಥವಾ ಒಳಗಿನ ಪುಡಿ ಅರ್ಧ ಒಣಗಿಯೇ ಇದ್ದರೆ ನೀರು ಒಂದೇ ಕಾಲುವೆ ಮಾಡಿಕೊಂಡು ಹರಿದಿದೆ. ಪ್ಲಾಸ್ಟಿಕ್ ಕ್ಯಾಪ್ಸೂಲಿನ ಕಿರಿದಾದ ಕಡೆ ತೂತು ಬೀಳದೆ ಬರೀ ತಗ್ಗಾಗಿದ್ದರೆ ಗೋಡೆ ದಪ್ಪವಾಯಿತು, ಸೂಜಿಗೆ ಬಗ್ಗಲಿಲ್ಲ. ಅಂಚು ಅಂಕುಡೊಂಕಾಗಿದ್ದರೆ ಕ್ಯಾಪ್ಸೂಲ್ ನೆಟ್ಟಗೆ ಕೂತಿರಲಿಲ್ಲ. ಗೊಬ್ಬರವಾಗುವ ಬಗೆಯ ಕೆಲವು ಕ್ಯಾಪ್ಸೂಲುಗಳು ಬಿಸಿಗೆ ಮೆತ್ತಗಾಗಿ ಸೂಜಿಗೆ ಅಂಟಿಕೊಳ್ಳುತ್ತವೆ, ಹಾಗಾಗಿ ಕಾಫಿ ಬಿದ್ದ ಕೂಡಲೇ ಅವನ್ನು ಹೊರಹಾಕಬೇಕು. ಅರ್ಧ ಗಂಟೆ ಯಂತ್ರದೊಳಗೇ ಬಿಡಬಾರದು. ಯಂತ್ರ ಮುಚ್ಚುವ ಸನ್ನೆ (ಲಿವರ್) ಬಿಗಿಯೆನಿಸಿದರೆ ಬಲ ಹಾಕಬೇಡಿ. ಅಗ್ಗದ ಕ್ಯಾಪ್ಸೂಲಿಗಾಗಿ ಯಂತ್ರದ ಕೀಲು ಮುರಿಯುವುದು ನಷ್ಟದ ಬಾಬತ್ತು.

ಈಗ ಖಚಿತ ಪರೀಕ್ಷೆ: ಯಂತ್ರ ಮಾಡಿದವರದೇ ಕ್ಯಾಪ್ಸೂಲಿನ ಒಂದು ಪೊಟ್ಟಣ ಮನೆಯಲ್ಲಿ ಯಾವಾಗಲೂ ಇರಲಿ. ಅದು ನಿಮ್ಮ ಒರೆಗಲ್ಲು. ಅದೇ ದಿನ, ಅದೇ ನೀರಿನಲ್ಲಿ ಅದನ್ನು ಎಳೆದು ಸಮಯ, ತೂಕ, ಡಬ್ಬದ ನೀರು ಮೂರನ್ನೂ ನೋಡಿ. ಅದು ಸರಿಯಾಗಿ ಬಂದು ಹೊಸದು ಸೋರಿದರೆ ತಪ್ಪು ಹೊಸ ಕ್ಯಾಪ್ಸೂಲಿನದು. ಎರಡೂ ಸೋರಿದರೆ ಕ್ಯಾಪ್ಸೂಲ್ ಹಿಡಿಯುವ ಭಾಗ ಸವೆದಿರಬಹುದು, ಅದನ್ನು ಸರ್ವಿಸ್ ಕೇಂದ್ರದಲ್ಲಿ ತೋರಿಸಬೇಕಾಗುತ್ತದೆ. ಅನುಮಾನವಿದ್ದಾಗ ಅಲ್ಯೂಮಿನಿಯಂ ಕ್ಯಾಪ್ಸೂಲ್ ಆರಿಸುವುದೇ ಕ್ಷೇಮ. ಅಂಚು ಯಂತ್ರಕ್ಕೆ ಚೆನ್ನಾಗಿ ಒತ್ತಿಕೊಳ್ಳುತ್ತದೆ, ಒಳಗಿನ ಕಾಫಿಗೂ ಗಾಳಿ ತಾಗುವುದಿಲ್ಲ.

ನೊರೆಯನ್ನು ಮಾತ್ರ ನೋಡಿ ತೀರ್ಮಾನಿಸಬೇಡಿ. ಕ್ಯಾಪ್ಸೂಲ್ ಯಂತ್ರಗಳಲ್ಲಿ ಕಾಫಿಯು ಸಣ್ಣ ಕಿಂಡಿಗಳಿಂದ ರಭಸವಾಗಿ ಚಿಮ್ಮುವಾಗ ಗಾಳಿ ಬೆರೆತೂ ನೊರೆ ಏಳುತ್ತದೆ. ಅದು ಕಂದು ಬಣ್ಣಕ್ಕಿದ್ದು ಒಂದೆರಡು ನಿಮಿಷ ನಿಂತರೆ ಒಳ್ಳೆಯ ಲಕ್ಷಣ. ಬಿಳಿಚಿಕೊಂಡು ಅರ್ಧ ನಿಮಿಷಕ್ಕೇ ಒಡೆದರೆ ಕಾಫಿ ಹಳತು, ಇಲ್ಲವೆ ನೀರು ಬೇಗ ಹರಿದಿದೆ.

ಯಂತ್ರವೇ ಕಾರಣವಾದಾಗ

ಕ್ಯಾಪ್ಸೂಲ್ ಇಲ್ಲದೆ ನೀರು ಹರಿಸಿದಾಗಲೂ ಧಾರೆ ಸಣ್ಣಗಿದ್ದರೆ, ಅಥವಾ ಬಿಸಿ ಮಾಡಿದ ಬಟ್ಟಲಲ್ಲೂ ಕಾಫಿ 60 ಡಿಗ್ರಿಗಿಂತ ತಣ್ಣಗಿದ್ದರೆ ಸುಣ್ಣ ಕಟ್ಟಿದೆ ಎಂದು ತಿಳಿಯಿರಿ. ಬೆಂಗಳೂರಿನ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಇದು ಬಹಳ ಬೇಗ ಆಗುತ್ತದೆ. ಪಾತ್ರೆಯ ತಳದಲ್ಲಿ ಕಾಣುವ ಬಿಳಿ ಕಟ್ಟೇ ಯಂತ್ರದ ಕಾಯಿಸುವ ಕೊಳವೆಯೊಳಗೂ ಕಟ್ಟುತ್ತದೆ. ನೀರು ಸಾಕಷ್ಟು ಬಿಸಿಯಾಗದಿದ್ದರೆ ಕಾಫಿಯ ಸಾರ ಇಳಿಯುವುದಿಲ್ಲ, ಹುಳಿಯಾಗಿ ತೆಳ್ಳಗಾಗುತ್ತದೆ.

ಕೈಪಿಡಿಯಲ್ಲಿ ಹೇಳಿದ ಸುಣ್ಣ ಬಿಡಿಸುವ ದ್ರಾವಣವನ್ನೇ ಬಳಸಿ. ನೆಸ್ಪ್ರೆಸ್ಸೊದ ಸಣ್ಣ ಯಂತ್ರಗಳಿಗೆ ಒಂದು ಪೊಟ್ಟಣ ದ್ರಾವಣ, ಅರ್ಧ ಲೀಟರ್ ನೀರು. ಮುಗಿದ ಮೇಲೆ ಎರಡು ತೊಟ್ಟಿ ಶುದ್ಧ ನೀರು ಹರಿಸಿ. ವಿನೆಗರ್ ಬೇಡವೇ ಬೇಡ, ವಾಸನೆ ಉಳಿಯುತ್ತದೆ, ರಬ್ಬರಿಗೂ ಒಳ್ಳೆಯದಲ್ಲ. ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಬಳಸುವವರಿದ್ದಾರೆ, ಆದರೆ ಗಟ್ಟಿ ದ್ರಾವಣ ಕಾದಾಗ ಸುಣ್ಣದೊಂದಿಗೆ ಸೇರಿ ಕರಗದ ಬೇರೊಂದು ಕಟ್ಟು ಉಂಟಾಗಬಹುದು. ಶುರುವಿನಿಂದಲೇ ಆರ್‌ಒ ನೀರು ಬಳಸಿದರೆ ಸುಣ್ಣ ಕಟ್ಟದು, ಆದರೆ ಖನಿಜವೇ ಇಲ್ಲದ ನೀರಿನಲ್ಲಿ ಕಾಫಿ ಚಪ್ಪೆ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 75ರಿಂದ 150ರೊಳಗೆ ಬರುವಂತೆ ಆರ್‌ಒ ನೀರಿಗೆ ಕುಡಿಯುವ ಬೇರೆ ನೀರು ಸ್ವಲ್ಪ ಬೆರೆಸಿ. ಟಿಡಿಎಸ್ ಮೀಟರ್ ಆರ್‌ಒ ರಿಪೇರಿಯವರ ಬಳಿ ಇರುತ್ತದೆ.

ಪಂಪು ಜೋರಾಗಿ ಸದ್ದು ಮಾಡಿಯೂ ನೀರು ಬಾರದಿದ್ದರೆ ಗಾಳಿ ಸಿಕ್ಕಿಕೊಂಡಿದೆ. ತೊಟ್ಟಿ ಒಣಗಿದ ಮೇಲೆ ಹೀಗಾಗುತ್ತದೆ. ತೊಟ್ಟಿ ತುಂಬಿಸಿ, ಎತ್ತಿ ಮತ್ತೆ ಗಟ್ಟಿಯಾಗಿ ಕೂರಿಸಿ, ಕ್ಯಾಪ್ಸೂಲ್ ಇಲ್ಲದೆ ಲುಂಗೊ ಗುಂಡಿ ಎರಡು ಮೂರು ಸಲ ಒತ್ತಿ.

ಕಾಗದದ ಪಾಡ್ ಬಳಸುವವರಿಗೆ

44 ಮಿ.ಮೀ. ಅಗಲದ ಇ.ಎಸ್.ಇ. (ಈಸಿ ಸರ್ವಿಂಗ್ ಎಸ್ಪ್ರೆಸ್ಸೊ) ಪಾಡಿನಲ್ಲಿ 7 ಗ್ರಾಂ ಪುಡಿ ಇರುತ್ತದೆ, ಹಾಗಾಗಿ 25 ಮಿ.ಲೀ.ಗೆ ನಿಲ್ಲಿಸಿದರೆ ಇಟಲಿಯ ಬಾರಿನ ಪ್ರಮಾಣ ತಾನಾಗಿ ಸಿಗುತ್ತದೆ. ಹೊಸದಾಗಿ ಯಂತ್ರ ಕೊಳ್ಳುವವರು ಗಟ್ಟಿ ಕಾಫಿಯನ್ನೇ ಬಯಸುವುದಾದರೆ, ಪಾಡ್ ಸಿಗುವ ಊರಿನಲ್ಲಿದ್ದರೆ, ಇದೇ ಉತ್ತಮ. ತೆಳ್ಳಗೆ ಬಂದರೆ ಕಾಗದದ ಅಂಚು ಮಡಚಿಕೊಂಡಿದೆಯೇ ನೋಡಿ. 62 ಮಿ.ಮೀ.ನ ಮೆತ್ತನೆಯ ಸೆನ್ಸಿಯೊ ಪ್ಯಾಡನ್ನು ಇದರೊಂದಿಗೆ ಬೆರೆಸಬೇಡಿ. ಅದು ಕಡಿಮೆ ಒತ್ತಡದ ಕಾಫಿ, ಎಸ್ಪ್ರೆಸ್ಸೊ ಅಲ್ಲ.

ಹಾಲು ಬೆರೆಸಿದಾಗ ಮಾತ್ರ ಸಪ್ಪೆ ಎನಿಸಿದರೆ

ಬರೀ ಕಾಫಿ ಚೆನ್ನಾಗಿದ್ದು ಹಾಲು ಹಾಕಿದೊಡನೆ ಮಾಯವಾಗುವುದು ಫಿಲ್ಟರ್ ಕಾಫಿ ಕುಡಿದ ನಾಲಿಗೆಯ ಸಾಮಾನ್ಯ ದೂರು. ಫಿಲ್ಟರ್ ಪುಡಿಯಲ್ಲಿ ಹೆಚ್ಚಾಗಿ ಚಿಕೋರಿ ಇರುತ್ತದೆ. ಡಿಕಾಕ್ಷನ್ನಿನ ಕಪ್ಪು, ಮಂದತನ, ಹಾಲನ್ನು ತಡೆದುಕೊಳ್ಳುವ ಗುಣದಲ್ಲಿ ಅದರ ಪಾಲು ದೊಡ್ಡದು. ಇಟಲಿಯ ಕ್ಯಾಪ್ಸೂಲಿನಲ್ಲಿ ಚಿಕೋರಿ ಇಲ್ಲ. 5 ಗ್ರಾಂ ಪುಡಿಯಿಂದ ನೀರಿಗಿಳಿಯುವುದು ಸುಮಾರು 1 ಗ್ರಾಂ ಸಾರ, ಅದು 150 ಮಿ.ಲೀ. ಹಾಲಿನ ಲೋಟವನ್ನು ಹೊರಲಾರದು. ಒಂದು ಕ್ಯಾಪ್ಸೂಲಿಗೆ 50–60 ಮಿ.ಲೀ. ಹಾಲು ಹದ. ಲೋಟ ತುಂಬ ಬೇಕಿದ್ದರೆ ಎರಡು ಕ್ಯಾಪ್ಸೂಲನ್ನು ತಲಾ 25 ಮಿ.ಲೀ.ಗೆ ಎಳೆದು 100–120 ಮಿ.ಲೀ. ಬಿಸಿ ಹಾಲು ಬೆರೆಸಿ. ಖರ್ಚು ದುಪ್ಪಟ್ಟಾಗುತ್ತದೆ, ದಿನಕ್ಕೆ ಮೂರು ಲೋಟ ಹಾಲು ಕಾಫಿ ಕುಡಿಯುವ ಮನೆಗೆ ಹಿತ್ತಾಳೆ ಫಿಲ್ಟರೇ ಅಗ್ಗ ಎಂಬುದನ್ನು ನೇರವಾಗಿ ಹೇಳಬೇಕು.

ಮರುತುಂಬುವ ಸ್ಟೀಲ್ ಕ್ಯಾಪ್ಸೂಲಿಗೆ ಚಿಕೋರಿ ಬೆರೆತ ಪುಡಿ ಹಾಕಿ ಈ ಕೊರತೆ ನೀಗಿಸಲು ಹೋಗಬೇಡಿ. ಚಿಕೋರಿ ನೀರು ಹೀರಿ ಜಿಗುಟಾಗಿ ತೂತು ಕಟ್ಟುತ್ತದೆ. ಅದಕ್ಕೆ ಎಸ್ಪ್ರೆಸ್ಸೊಗೆಂದೇ ನುಣ್ಣಗೆ ಬೀಸಿದ ಶುದ್ಧ ಕಾಫಿ ಸುಮಾರು 5 ಗ್ರಾಂ ತುಂಬಿ, ಮೆಲ್ಲಗೆ ಒತ್ತಿ, ಅಂಚಿನ ಪುಡಿಯನ್ನು ಒರೆಸಿ ಮುಚ್ಚಳ ಹಾಕಬೇಕು. ಅಂಚಿನಲ್ಲಿ ಒಂದು ಹರಳು ಉಳಿದರೂ ಸೋರುತ್ತದೆ.

ಕೊನೆಗೆ ಪೊಟ್ಟಣ ಇಡುವ ಜಾಗ. ಅಲ್ಯೂಮಿನಿಯಂ ಕ್ಯಾಪ್ಸೂಲ್ ಶೆಲ್ಫಿನ ಮೇಲೆ ಹೇಗಿದ್ದರೂ ತಡೆಯುತ್ತದೆ. ಗೊಬ್ಬರವಾಗುವ ಬಗೆಯದು, ಹೊರಚೀಲ ಒಡೆದ ಮೇಲೆ ಗಾಳಿಯನ್ನು ಒಳಬಿಡುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಅದನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು ಎರಡು ಮೂರು ವಾರದೊಳಗೆ ಮುಗಿಸಿ. ಅಗ್ಗಕ್ಕೆ ಸಿಕ್ಕಿತೆಂದು 100ರ ಪೆಟ್ಟಿಗೆ ತರುವಾಗ ಒಳಗಿನವು ಒಂದೊಂದೂ ಬೇರೆ ಚೀಲದಲ್ಲಿವೆಯೇ, ಇಲ್ಲ ಎಲ್ಲ ಒಂದೇ ಚೀಲದಲ್ಲಿವೆಯೇ ಎಂದು ಕೇಳಿಕೊಳ್ಳಿ.